ಬೆಲ್ಲಕ್ಕೆ ಚಾಚಿದ ಕೈ

ನಮ್ಮ ಭಾವನವರ ಬಲಗೈ ತೋರುಬೆರಳಿನಲ್ಲಿ ಒಂದು ಗೀರು ಇತ್ತು. ಚಾಕುವಿನ ಗಾಯವಲ್ಲ. ಚಿಕ್ಕಂದಿನಿಂದ ಮಗ್ಗದ ಕಂಡಿಕೆಗೆ ನೂಲು ಸುತ್ತಿ ಸುತ್ತಿ, ಬೆರಳ ಮೇಲೆ ಹಾದುಹೋದ ರೇಷ್ಮೆ ಎಳೆಯೇ ಕೊರೆದ ಗೀರು. ಅದರಲ್ಲಿ ಯಾವಾಗಲೂ ಒಂದು ಬಣ್ಣ ಕೂತಿರುತ್ತಿತ್ತು. ಒಂದು ವಾರ ಅರಿಶಿನ, ಒಂದು ವಾರ ಗಿಳಿಹಸಿರು, ಮದುವೆ ಕಾಲದಲ್ಲಿ ಕುಂಕುಮದ ಕೆಂಪು. ಮಗ್ಗದ ಮೇಲೆ ಯಾವ ಸೀರೆ ಇದೆ ಎಂದು ತಿಳಿಯಲು ಒಳಗೆ ಹೋಗಿ ನೋಡಬೇಕಿರಲಿಲ್ಲ, ಭಾವನವರ ಬೆರಳು ನೋಡಿದರೆ ಸಾಕಿತ್ತು. ಆ ಕೈ ಮುಷ್ಟಿ ಕಟ್ಟಿದ್ದನ್ನು ನಾನು ನೋಡಿಲ್ಲ. ಮಲಗಿದಾಗಲೂ ಅಂಗೈ ಮೇಲಕ್ಕೆ ಬಿಚ್ಚಿಕೊಂಡೇ ಇರುತ್ತಿತ್ತು, ಯಾರೋ ಏನೋ ಕೊಡುತ್ತಾರೆ ಅನ್ನುವ ಹಾಗೆ.

ನಾನು ಆವತಿ ಕಡೆಯಿಂದ ದೊಡ್ಡಬಳ್ಳಾಪುರದ ಪಕ್ಕದ ಒಂದು ನೇಕಾರರ ಕೇರಿಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ನಮ್ಮಪ್ಪನೂ ನೇಕಾರರೇ, ಆದರೆ ಹತ್ತಿಯ ಒರಟು ಪಂಚೆ ನೇಯುವವರು. ರೇಷ್ಮೆ, ಜರಿ ನಾನು ಕಂಡದ್ದು ಗಂಡನ ಮನೆಯಲ್ಲೇ. ಮನೆಯಲ್ಲಿ ಅತ್ತೆ, ನಮ್ಮ ಯಜಮಾನರು, ಅವರಿಗಿಂತ ದೊಡ್ಡವರಾದ ಭಾವ. ಮಾವ ತೀರಿಹೋಗಿದ್ದರು. ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಎರಡು ಗುಂಡಿಮಗ್ಗ. ಒಂದರಲ್ಲಿ ಯಜಮಾನರು ಕೂರುತ್ತಿದ್ದರು, ಇನ್ನೊಂದರಲ್ಲಿ ಕೂಲಿಗೆ ಬರುವ ನೇಕಾರ.

ಭಾವನವರಿಗೆ ವಯಸ್ಸು ಮೂವತ್ತು ದಾಟಿತ್ತು. ಬುದ್ಧಿ ಮಾತ್ರ ಐದಾರು ವರ್ಷದ ಮಗುವಿನದು. ಕೇರಿಯಲ್ಲಿ ಅದಕ್ಕೆ ಒರಟು ಹೆಸರುಗಳಿದ್ದವು, ಅವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಮೊಮ್ಮಗಳು ಈಗ ಬೌದ್ಧಿಕ ಅಂಗವೈಕಲ್ಯ ಅನ್ನುತ್ತಾಳೆ. ಆಗ ಅಂಥ ಮಾತು ನಮ್ಮ ಕೇರಿಗೆ ಬಂದಿರಲಿಲ್ಲ. ಬಂದಿದ್ದರೂ ನಾವು ಕೇಳಿಸಿಕೊಳ್ಳುತ್ತಿದ್ದೆವೋ ಇಲ್ಲವೋ.

ಗಂಡನ ಅಣ್ಣ ಎದುರಿಗೆ ಬಂದರೆ ಸೊಸೆ ಪಕ್ಕಕ್ಕೆ ಸರಿದು ನಿಲ್ಲಬೇಕು ಎಂದು ನಮ್ಮಮ್ಮ ಹೇಳಿ ಕಳಿಸಿದ್ದಳು. ಬಂದ ಮೊದಲ ದಿನಗಳಲ್ಲಿ ಅಡುಗೆಮನೆ ಬಾಗಿಲಲ್ಲಿ ಭಾವನವರು ಕಂಡರೆ ನಾನು ಸೆರಗು ಹೊದ್ದು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ. ಅದೇನು ಆಟವೆಂದುಕೊಂಡರೋ, ಅವರೂ ಆಚೆ ಗೋಡೆಗೆ ಒತ್ತಿ ನಿಲ್ಲುತ್ತಿದ್ದರು. ನಾನು ಹೋಗುವಂತಿಲ್ಲ, ಅವರು ಹೋಗುವುದಿಲ್ಲ. ಅತ್ತೆ ಬಂದು, "ಏನ್ರೇ, ಇಬ್ರೂ ದ್ವಾರಪಾಲಕರ ತರ ನಿಂತಿದ್ದೀರಾ? ಸಾರು ಉಕ್ತಾ ಇದೆ, ಹೋಗೇ ಒಳಗೆ" ಅನ್ನುವವರೆಗೂ ಹಾಗೇ. ಭಾವ ಕಿಸಕ್ಕನೆ ನಗುತ್ತಿದ್ದರು. ಆ ಮನೆಯಲ್ಲಿ ನನ್ನನ್ನು ಮೊದಲು ನಗಿಸಿದವರು ಅವರು. ಅದನ್ನು ನಾನು ದೇವರು ಕೊಟ್ಟ ಸಣ್ಣ ಕೃಪೆಗಳಲ್ಲಿ ಒಂದು ಎಂದು ಇಟ್ಟುಕೊಂಡಿದ್ದೇನೆ.

ದಿನವೆಲ್ಲ ರಾಟೆಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ಅವರ ಕೆಲಸ. ಒಂದು ತುಂಬಿದರೆ ಎತ್ತಿ ಹಿಡಿದು, "ಸರಿಯಾಯ್ತಾ?" ಅನ್ನುತ್ತಿದ್ದರು. ಯಾರಾದರೂ "ಸರಿಯಾಯ್ತು" ಅನ್ನುವ ತನಕ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಯಜಮಾನರು ಮಗ್ಗದ ಗುಂಡಿಯಿಂದಲೇ, ನೋಡದೆ, "ಸರಿಯಾಯ್ತು ಕಣಣ್ಣಾ" ಎಂದು ಕೂಗುತ್ತಿದ್ದರು.

ಇನ್ನು ಬೆಲ್ಲದ ವಿಷಯ. ಇದನ್ನು ಹೇಳದಿದ್ದರೆ ಮುಂದಿನದು ಯಾವುದೂ ತಿಳಿಯುವುದಿಲ್ಲ.

ರೇಷ್ಮೆ ಸೀರೆಯಲ್ಲಿ ಒಂದು ಎಳೆ ಕಡಿದು ಯಾರೂ ನೋಡದೆ ಹೋದರೆ ಆ ಗೆರೆ ಮೊಳಗಟ್ಟಲೆ ಓಡುತ್ತದೆ. ನೂಲು ಕೊಟ್ಟು ನೇಯಿಸುವ ಸಾಹುಕಾರರ ಜಗಲಿಯಲ್ಲಿ ಸೀರೆ ಬಿಚ್ಚಿ ಹಾಸಿದಾಗಲೇ ಅದು ಕಾಣುವುದು. ಅದಕ್ಕೇ ನಮ್ಮ ಅತ್ತೆಯ ಅತ್ತೆ ಆ ಮನೆಯಲ್ಲಿ ಒಂದು ಪದ್ಧತಿ ಇಟ್ಟಿದ್ದರಂತೆ. ಮುಸ್ಸಂಜೆ ಮನೆದೇವರು ಚೌಡಮ್ಮನ ಗೂಡಿಗೆ ದೀಪ ಹಚ್ಚಿ, ಎಲ್ಲರನ್ನೂ ನಿಲ್ಲಿಸಿ, ಒಂದು ಮಾತು ಕೇಳುವುದು: "ಇವತ್ತು ಎಳೆ ತಪ್ಸಿದ್ದು ಯಾರು?" ಒಪ್ಪಿಕೊಂಡವರಿಗೆ ಬೈಗುಳವಿಲ್ಲ. ದೇವರ ತಟ್ಟೆಯಿಂದ ಒಂದು ಚೂರು ಬೆಲ್ಲ ಕೈಗೆ. ತಪ್ಪು ಬಚ್ಚಿಡಬಾರದು, ತಾಯಿಯ ಮುಂದೆ ಹೇಳಿಬಿಡಬೇಕು. ನೋಡಲು ಎಷ್ಟು ಒಳ್ಳೆಯ ಪದ್ಧತಿ! ನಾನು ತವರಿಗೆ ಹೋದಾಗ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಭಾವನವರಿಗೆ ಬೆಲ್ಲ ಇಷ್ಟ. ಬೆಲ್ಲಕ್ಕಿಂತ, ಅದನ್ನು ಕೊಡುವಾಗ ಅಮ್ಮನ ಮುಖ ಅರಳುವುದು ಇಷ್ಟ. ಅತ್ತೆ ಕೇಳಿ ಮುಗಿಸುವ ಮೊದಲೇ, "ನಾನೇ!" ಎಂದು ಕೈ ಚಾಚುತ್ತಿದ್ದರು. ದಿನಾ. ಅವರು ಎಳೆ ಮುಟ್ಟದ ದಿನವೂ. ಅತ್ತೆ ಬೆಲ್ಲವಿಟ್ಟು ತಲೆ ಸವರುತ್ತಿದ್ದರು. ಉಳಿದವರು ದೇವರಿಗೆ ಕೈಮುಗಿದು ಊಟಕ್ಕೆ ಏಳುತ್ತಿದ್ದೆವು.

ಒಂದು ಮಧ್ಯಾಹ್ನ ಯಜಮಾನರು ಸಾಹುಕಾರರ ಮೇಲಿನ ಸಿಟ್ಟಿಗೆ ಲಾಳಿಯನ್ನು ಗೋಡೆಗೆ ಎಸೆದರು. ಅದು ಮಾವನವರ ಕಾಲದ ಲಾಳಿ, ಎರಡು ಹೋಳಾಯಿತು. ಆಗ ನಾನು ಹೊಸಬಳು, ಬಾಗಿಲ ಸಂದಿಯಿಂದ ನೋಡಿದ್ದೆ. ಸಂಜೆ ಅತ್ತೆ, "ಲಾಳಿ ಮುರ್ದಿದ್ ಯಾರು?" ಅಂದರು. "ನಾನೇ!" ಅಂದರು ಭಾವ. ಯಜಮಾನರು ನೆಲ ನೋಡಿದರು. ಕೋಣೆಗೆ ಬಂದಮೇಲೆ ನಾನು ಮೆಲ್ಲಗೆ, "ಮುರ್ದಿದ್ದು ನೀವಲ್ವಾ?" ಅಂದೆ. "ಅವನಿಗೆ ಬೆಲ್ಲ ಸಿಕ್ತಲ್ಲ ಬಿಡೇ, ಯಾರಿಗೇನ್ ನಷ್ಟ?" ಅಂದರು. ಅದೂ ಸರಿ ಅನ್ನಿಸಿತು.

ಕೇರಿಗೂ ಇದೊಂದು ತಮಾಷೆ. ನಲ್ಲಿ ಹತ್ತಿರ ಕೂತ ಗಂಡಸರು, "ಏನಪ್ಪಾ, ಬೆಳಗ್ಗೆ ಮಳೆ ಹುಯ್ಸಿದ್ದು ಯಾರು?" ಅನ್ನುತ್ತಿದ್ದರು. "ನಾನೇ!" "ನಮ್ಮೆಮ್ಮೆ ಗಬ್ಬಾಗಿದೆ ಕಣೋ, ಯಾರ್ ಕಾರಣ?" "ನಾನೇ!" ಕೇರಿಗೆ ಕೇರಿಯೇ ಹೊಟ್ಟೆ ಹಿಡಿದು ನಗುತ್ತಿತ್ತು. ಭಾವ ಎಲ್ಲರಿಗಿಂತ ಜೋರಾಗಿ ನಕ್ಕು ಕೈ ಚಾಚುತ್ತಿದ್ದರು. ಯಾರೋ ಕಡಲೆಬೀಜ, ಯಾರೋ ಬೀಡಿ ತುಂಡು, ಏನಾದರೂ ಇಡುತ್ತಿದ್ದರು.

ನಾನು ಬಂದ ಎರಡನೆಯ ವರ್ಷ ಸಾಹುಕಾರರ ಮನೆಯಿಂದ ಜರಿಯ ಕಟ್ಟುಗಳು ಕಾಣೆಯಾದವು. ನೂಲು, ಜರಿ ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದವರು ಅವರೇ, ಕೇರಿಯ ಮುಕ್ಕಾಲು ಮಗ್ಗ ಅವರ ನೂಲಿನಿಂದಲೇ ನಡೆಯುತ್ತಿತ್ತು. ಪೊಲೀಸರು ಬಂದು, ಆ ಮನೆಗೆ ಹೋಗಿ ಬರುತ್ತಿದ್ದ ಎಲ್ಲ ನೇಕಾರರನ್ನೂ ಜಗಲಿಯ ಮುಂದೆ ಸಾಲಾಗಿ ನಿಲ್ಲಿಸಿದರು. ನಾವು ಹೆಂಗಸರು ಬಾಗಿಲುಗಳಲ್ಲಿ ನಿಂತಿದ್ದೆವು. ನೂಲು ತರಲು ಹೋಗುತ್ತಿದ್ದ ಭಾವನವರೂ ಸಾಲಿನಲ್ಲಿದ್ದರು.

"ಜರಿ ತೆಗೆದಿದ್ದು ಯಾರು? ಈಗ್ಲೇ ಒಪ್ಕೊಂಡ್ರೆ ಒಳ್ಳೇದು" ಅಂದರು ದಫೇದಾರರು.

"ನಾನೇ!"

ಭಾವ ಒಂದು ಹೆಜ್ಜೆ ಮುಂದೆ ಬಂದು ಕೈ ಚಾಚಿದರು. ಯಾರೋ ಪಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ದಫೇದಾರರಿಗೆ ನಗು ಬರಲಿಲ್ಲ.

"ಎಲ್ಲಿಟ್ಟಿದ್ದೀಯಾ? ಬಾವಿಗೆ ಹಾಕಿದ್ಯಾ?"

"ಹೂಂ."

"ಬಾವೀಲಿ ಇಲ್ಲ ಕಣಯ್ಯಾ. ಮಾರಿದ್ಯಾ? ಬೆಂಗಳೂರಲ್ಲಾ?"

"ಹೂಂ."

ಬೆಂಗಳೂರು ಯಾವ ದಿಕ್ಕಿಗಿದೆ ಎಂದು ಕೂಡ ಭಾವನವರಿಗೆ ಗೊತ್ತಿರಲಿಲ್ಲ. ಅದು ಆ ಸಾಲಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಭಾವ ಹೂಂ ಅನ್ನುತ್ತಿದ್ದಂತೆ ಸಾಲಿನಲ್ಲಿ ನಿಂತವರ ಹೆಗಲುಗಳು ಒಂದೊಂದಾಗಿ ಸಡಿಲವಾದದ್ದನ್ನು ನಾನು ಕಣ್ಣಾರೆ ಕಂಡೆ. ನಮ್ಮ ಯಜಮಾನರ ಹೆಗಲೂ.

ದಫೇದಾರರು ಕೆಟ್ಟವರೇನಲ್ಲ. ಅವರಿಗೂ ಏನೋ ಅನುಮಾನ. ಅತ್ತೆಯನ್ನು ಕರೆದು, "ಅಮ್ಮಾ, ಇವ್ನು ಹೇಳ್ತಿರೋದು ನಿಜಾನಾ? ಸುಳ್ ಹೇಳೋ ಪೈಕೀನಾ ಇವ್ನು?" ಎಂದು ಕೇಳಿದರು.

ಅತ್ತೆ ಸೆರಗು ಬಿಗಿದು ನಿಂತರು. ಕೇರಿಯೆಲ್ಲ ನೋಡುತ್ತಿತ್ತು. "ನನ್ ಮಗನ್ ಬಾಯಲ್ಲಿ ಇದುವರ್ಗೂ ಸುಳ್ಳು ಬಂದಿಲ್ಲ ಸ್ವಾಮಿ. ನಮ್ಮನೇಲಿ ತಪ್ಪು ಮಾಡಿದೋರು ದೇವರ ಮುಂದೆ ಒಪ್ಕೋತಾರೆ" ಅಂದರು.

ಅವರು ಮಗನನ್ನು ಹಿಡಿದುಕೊಡಬೇಕೆಂದು ಹೇಳಿದ ಮಾತಲ್ಲ ಅದು. ಮಗ ಸುಳ್ಳು ಹೇಳುತ್ತಾನೆ ಅಂದರೆ, ಅಷ್ಟು ವರ್ಷಗಳ ಮುಸ್ಸಂಜೆಗಳೆಲ್ಲ ಸುಳ್ಳಾಗುತ್ತಿದ್ದವು. ಆ ಮನೆಯ ತಪ್ಪುಗಳೆಲ್ಲ ಯಾರ ತಪ್ಪುಗಳು ಎಂದು ಕೇಳಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಅತ್ತೆಯ ಬಾಯಿಗೆ ಬಂದದ್ದು ಅವರ ಮರ್ಯಾದೆ.

ನ್ಯಾಯಾಲಯದಲ್ಲೂ ಅದೇ ನಡೆಯಿತು. ನಮಗೆ ವಕೀಲರಿರಲಿಲ್ಲ. ನ್ಯಾಯಾಧೀಶರು ತಪ್ಪು ಒಪ್ಪುತ್ತೀಯಾ ಎಂದು ಕೇಳಿದಾಗ ಭಾವ "ನಾನೇ" ಎಂದು ಕಟಕಟೆಯಿಂದ ಕೈ ಚಾಚಿದರಂತೆ. ಕ್ಷಮೆ ಬೇಡುತ್ತಿದ್ದಾನೆ ಅಂದುಕೊಂಡು ಶಿಕ್ಷೆ ಸ್ವಲ್ಪ ಕಡಿಮೆ ಮಾಡಿದರಂತೆ. ಅದನ್ನೂ ಕೃಪೆಯ ಲೆಕ್ಕಕ್ಕೆ ಹಾಕಿದವಳು ನಾನು. ಈಗ ಬರೆಯುವಾಗ ಮುಖ ಬಿಸಿಯಾಗುತ್ತದೆ.

ಜೈಲಿಗೆ ಎರಡು ಬಸ್ಸು ಬದಲಾಯಿಸಿ ಹೋಗಬೇಕಿತ್ತು. ಯಜಮಾನರು ಬರಲಿಲ್ಲ, ಮಗ್ಗ ಬಿಟ್ಟು ಬರಲಾಗದು ಅಂದರು. ಅತ್ತೆ, ನಾನು ಹೋದೆವು. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಎಲ್ಲಿಗಮ್ಮ ಅತ್ತೆ ಸೊಸೆ ಹೊರಟಿದ್ದೀರಾ?" ಅಂದಳು. "ಆಸ್ಪತ್ರೆಗೆ" ಅಂದರು ಅತ್ತೆ. ಆಕೆ ಪಾಪ ಎಂದು ಒಂದು ನಿಂಬೆಹಣ್ಣು ಕೊಟ್ಟಳು. ಅತ್ತೆ ಅದನ್ನು ಈಸಿಕೊಂಡು ದಾರಿಯುದ್ದಕ್ಕೂ ಕೈಯಲ್ಲೇ ಇಟ್ಟುಕೊಂಡಿದ್ದರು. ಸೆರಗಿನ ತುದಿಯಲ್ಲಿ ಕಟ್ಟಿ ತಂದಿದ್ದ ಬೆಲ್ಲವನ್ನು ಜೈಲಿನ ಬಾಗಿಲಲ್ಲೇ ಕಾವಲಿನವರು ತೆಗೆದಿಟ್ಟುಕೊಂಡರು.

ತಂತಿಯ ಆಚೆ ಭಾವ ಬಂದರು. ತಲೆ ಬೋಳಿಸಿದ್ದರು. ನಮ್ಮನ್ನು ಕಂಡು ಮುಖ ಅಗಲವಾಯಿತು. "ಅಮ್ಮಾ, ಇಲ್ಲೂ ಮಗ್ಗ ಇದೆ! ದೊಡ್ಡ ದೊಡ್ಡವು! ನಾನು ಕಂಡಿಕೆ ಸುತ್ತೀನಿ" ಅಂದರು. ಆಮೇಲೆ, "ಮನೇಲಿ ಯಾರ್ ಸುತ್ತಾರೆ? ಸರಿಯಾಗ್ ಸುತ್ತಾರಾ?" ಅಂದರು. ನಾನೇ ಸುತ್ತುತ್ತೇನೆ ಅಂತ ಹೇಳಿದೆ. ನನ್ನ ಬೆರಳು ನೋಡಬೇಕೆಂದು ತಂತಿಗೆ ಕಣ್ಣು ಒತ್ತಿದರು. ಆಗ ಅವರ ಅಂಗೈ ಕಂಡಿತು. ಊದಿಕೊಂಡಿತ್ತು, ಅಡ್ಡಡ್ಡ ಬಾಸುಂಡೆ.

ಅವರ ಪಕ್ಕದಲ್ಲೇ ಇನ್ನೊಬ್ಬ ಕೈದಿ ನಿಂತಿದ್ದ. ನರೆತ ಗಡ್ಡ, ಮಗುವಿನ ಕಣ್ಣು. ಬಂದ ಪ್ರತಿಯೊಬ್ಬರನ್ನೂ, "ನಂಗ್ ಬಂದ್ರಾ? ನಂಗಾ?" ಎಂದು ಕೇಳುತ್ತಿದ್ದ. ನನ್ನನ್ನೂ ಕೇಳಿದ. ಇಲ್ಲ ಅನ್ನಲೂ ಆಗದೆ ನಾನು ಸೆರಗು ಸರಿಮಾಡಿಕೊಂಡೆ.

ಕಾವಲಿಗಿದ್ದ ವಯಸ್ಸಾದ ವಾರ್ಡರೊಬ್ಬರು ನಾವು ಹೊರಡುವಾಗ ಹಿಂದೆಯೇ ಬಂದರು. "ತಾಯಿ, ಒಂದು ಮಾತು. ನಿಮ್ ಹುಡ್ಗ ಕೆಲಸಕ್ಕೆ ಚಿನ್ನ. ಆದ್ರೆ ಒಳಗೆ ಏನ್ ತಪ್ಪಾದ್ರೂ 'ನಾನೇ' ಅಂತಾನೆ. ಬೀಡಿ ಸಿಕ್ರೆ ನಾನೇ, ನೂಲು ಹಾಳಾದ್ರೆ ನಾನೇ. ಮಿಕ್ಕಿದ್ದೋರಿಗೆ ಹಬ್ಬ ಆಗ್ಬಿಟ್ಟಿದೆ. ಹೇಳಿ ಕೈ ಬೇರೆ ಚಾಚ್ತಾನೆ. ಏಟು ಬಿದ್ರೂ ಹಿಂದಕ್ ತಗೊಳಲ್ಲ, ಇನ್ನೂ ಏನೋ ಬರುತ್ತೆ ಅಂತ ಕಾಯ್ತಾನೆ. ನಾನೊಂದಿನ ಪರೀಕ್ಷೆ ಮಾಡೋಣಾಂತ, ಈ ಜೈಲ್ ಕಟ್ಸಿದ್ ಯಾರಪ್ಪಾ ಅಂದೆ."

"ಏನಂದ?" ಅಂದರು ಅತ್ತೆ.

"ನಾನೇ ಅಂದ ತಾಯಿ." ವಾರ್ಡರ್ ನಗಲಿಲ್ಲ. "ಇಂಥೋರು ಇನ್ನೂ ಇದ್ದಾರೆ ಒಳಗೆ. ಅವರಿಗೆ ಹೇಳೋಕೆ ಹೊರಗೆ ಯಾರಿಲ್ಲ. ಇವನಿಗೆ ನೀವಿದ್ದೀರಾ. ದೊಡ್ಡ ಸಾಹೇಬರ ಹತ್ರ ಬಂದು, ಇವ್ನು ಮಾಡ್ದೆ ಇರೋದನ್ನೂ ಒಪ್ಕೋತಾನೆ ಅಂತ ಹೆತ್ತ ತಾಯಿ ಬಾಯಿಂದ್ಲೇ ಹೇಳಿ. ಡಾಕ್ಟ್ರು ನೋಡ್ತಾರೆ. ಇಲ್ದಿದ್ರೆ ಇವನ ಶಿಕ್ಷೆ ಇಲ್ಲೇ ಬೆಳೀತಾ ಹೋಗುತ್ತೆ."

ಅತ್ತೆ ಅವರಿಗೆ ಕೈಮುಗಿದು ಬಸ್ಸು ಹತ್ತಿದರು. ಮನೆಗೆ ಬಂದು ಕಾಲು ತೊಳೆದು, ದೀಪ ಹಚ್ಚಿ, ಎಂದಿನಂತೆ ಕೇಳಿದರು: "ಇವತ್ತು ಎಳೆ ತಪ್ಸಿದ್ದು ಯಾರು?"

ಯಾರೂ ಮಾತಾಡಲಿಲ್ಲ. ಭಾವ ಹೋದಾಗಿನಿಂದ ದಿನಾ ಹೀಗೇ ಆಗಿತ್ತು, ಆದರೆ ಅಂದು ನಾನು ಆ ಮೌನವನ್ನು ಕೇಳಿಸಿಕೊಂಡೆ. ಮಗ್ಗದ ಮೇಲಿನ ಸೀರೆಯಲ್ಲಿ ಗೆರೆ ಎದ್ದು ಕಾಣುತ್ತಿತ್ತು. ಯಜಮಾನರು ದೀಪ ನೋಡುತ್ತಿದ್ದರು. ಕೂಲಿಯವನು ಉಗುರು ನೋಡುತ್ತಿದ್ದ. ನಾನು ಸುತ್ತಿದ ಕಂಡಿಕೆ ಸಡಿಲವಾಗಿತ್ತು ಎಂದು ನನಗೆ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಬೆಲ್ಲ ತಟ್ಟೆಯಲ್ಲೇ ಉಳಿಯಿತು. ಮರುದಿನವೂ, ಅದರ ಮರುದಿನವೂ.

ಒಂದು ಬೆಳಗ್ಗೆ ನಾನು ರಂಗೋಲಿ ಹಾಕಿ ಒಳಗೆ ಬಂದಾಗ ಅತ್ತೆ ದೇವರ ಗೂಡಿನ ಮುಂದೆ ಕೂತಿದ್ದರು. ತಟ್ಟೆಯಲ್ಲಿ ಬೆಲ್ಲದ ಚೂರುಗಳಿಗೆ ಇರುವೆ ಮುತ್ತಿ ಬೆಲ್ಲವೇ ಕಾಣುತ್ತಿರಲಿಲ್ಲ.

"ಮಗ ಹೋಗಿ ಇಷ್ಟು ದಿನ ಆಯ್ತು" ಅಂದರು, ನನಗಲ್ಲ, ಚೌಡಮ್ಮನಿಗೆ. "ಎಳೆ ಇನ್ನೂ ತಪ್ತಾನೇ ಇದೆಯಲ್ಲೇ ತಾಯಿ."

ಆಮೇಲೆ ನನ್ನ ಕಡೆ ತಿರುಗಿ, "ಬುತ್ತಿ ಕಟ್ಟು. ಹೋಗಾಣ" ಅಂದರು.

ದೊಡ್ಡ ಸಾಹೇಬರ ಕೋಣೆಗೆ ಆ ವಾರ್ಡರೇ ಕರೆದುಕೊಂಡು ಹೋದರು. ಭಾವನವರನ್ನೂ ತಂದು ನಿಲ್ಲಿಸಿದರು. ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ.

"ಸ್ವಾಮಿ, ನನ್ ಮಗ ಸುಳ್ಳುಗಾರ" ಅಂದರು. "ಅವ್ನು ಮಾಡಿದೀನಿ ಅಂದಿದ್ ಯಾವ್ದೂ ಮಾಡಿಲ್ಲ. ಬೆಲ್ಲಕ್ಕೆ ಹೇಳ್ತಾನೆ. ನಾವೇ ಕಲ್ಸಿದ್ದು."

"ಮತ್ತೆ ಅವತ್ತು ಪೊಲೀಸರಿಗೆ ಸುಳ್ಳೇ ಹೇಳಲ್ಲ ಅಂದಿದ್ರಂತಲ್ಲಮ್ಮ?"

"ಅವತ್ತು ಸುಳ್ ಹೇಳಿದ್ದು ನಾನು."

ಸಾಹೇಬರು ಭಾವನವರ ಕಡೆ ನೋಡಿದರು. ಅಮ್ಮ ತನ್ನನ್ನು ಸುಳ್ಳುಗಾರ ಅಂದದ್ದು ಭಾವನವರಿಗೆ ಕೇಳಿಸಿತ್ತು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ. ಆದರೂ ಅಮ್ಮನಿಗೆ ಸಹಾಯ ಮಾಡಬೇಕು ಅನ್ನಿಸಿತೋ ಏನೋ. "ಅಮ್ಮ ಅಲ್ಲ" ಅಂದರು. "ನಾನೇ." ಹೇಳಿ, ಆ ಬಾಸುಂಡೆಯ ಕೈ ಚಾಚಿದರು.

ಸಾಹೇಬರು ಪೆನ್ನು ಕೆಳಗಿಟ್ಟು ಕಿಟಕಿಯ ಕಡೆ ತಿರುಗಿದರು. ಅತ್ತೆ ಆ ಕೈಯನ್ನು ತಮ್ಮ ಸೆರಗಿನಲ್ಲಿ ಮುಚ್ಚಿದರು.

ಡಾಕ್ಟರು ನೋಡಿದರು, ಏನೇನೋ ಬರವಣಿಗೆ ನಡೆಯಿತು, ಅದು ನಮಗೆ ತಿಳಿಯದು. ಯುಗಾದಿಯ ಹೊತ್ತಿಗೆ ಭಾವ ಮನೆಗೆ ಬಂದರು. ಜರಿ ಸಿಕ್ಕಿತೋ, ತೆಗೆದವರು ಯಾರೋ, ನಮಗೆ ಯಾರೂ ಹೇಳಲಿಲ್ಲ. ಸಾಹುಕಾರರು ಏನೂ ಆಗದವರಂತೆ ಮತ್ತೆ ನೂಲು ಕಳಿಸಿದರು. ನಲ್ಲಿಯ ಹತ್ತಿರ ಆ ತಮಾಷೆ ಮಾತ್ರ ನಿಂತಿತು.

ಅತ್ತೆ ಆ ಪ್ರಶ್ನೆ ಕೇಳುವುದನ್ನು ಬಿಟ್ಟರು. ದೀಪ ಹಚ್ಚಿ, ಭಾವನವರ ಕೈಗೆ ಸುಮ್ಮನೆ ಬೆಲ್ಲ ಇಟ್ಟರು. ಭಾವ ಬಾಯಿಗೆ ಹಾಕಿಕೊಳ್ಳಲಿಲ್ಲ. "ಕೇಳು" ಅಂದರು.

"ಏನೂ ಕೇಳೋದಿಲ್ಲ ಮಗಾ, ತಿನ್ನು."

"ಕೇಳಮ್ಮಾ." ಕಣ್ಣಲ್ಲಿ ನೀರು. ಕೇಳದಿದ್ದರೆ ಅಮ್ಮನ ಸಿಟ್ಟು ಇನ್ನೂ ಹೋಗಿಲ್ಲ ಎಂದು ಅವರ ತಿಳುವಳಿಕೆ. ಬೆಲ್ಲವನ್ನು ತಟ್ಟೆಗೆ ವಾಪಸ್ಸು ಇಟ್ಟುಬಿಟ್ಟರು. ಎಷ್ಟೋ ಸಂಜೆ ಹೀಗೇ ಆಯಿತು.

ಕೊನೆಗೆ ಅತ್ತೆಯೇ ಒಂದು ದಾರಿ ಕಂಡುಕೊಂಡರು. ಮಧ್ಯಾಹ್ನ ಭಾವನವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತಿಯಿಂದ ದೀಪದ ಬತ್ತಿ ಹೊಸೆಯುವುದನ್ನು ಕಲಿಸಿದರು. ಒಂದೊಂದು ಬತ್ತಿಗೂ "ಸರಿಯಾಯ್ತಾ?" ಸಂಜೆ ದೀಪ ಹಚ್ಚಿ ಅತ್ತೆ ಕೇಳಿದರು: "ಈ ಬತ್ತಿ ಹೊಸೆದಿದ್ ಯಾರು?"

"ನಾನೇ!"

ಆ ಮನೆಯಲ್ಲಿ ಅವರು ಹೇಳಿದ ಆ ಮಾತು ನಾನು ಕಂಡಂತೆ ನಿಜವಾದದ್ದು ಅದೇ ಮೊದಲು. ಅಂಗೈ ಚಾಚಿದರು. ಬಾಸುಂಡೆ ಮಾಸಿ ಬಿಳಿಯ ಗೆರೆಗಳಾಗಿದ್ದವು. ಅತ್ತೆ ಬೆಲ್ಲ ಇಟ್ಟರು. ಭಾವ ತಿಂದರು. ಆಮೇಲೆ ಬದುಕಿದ್ದಷ್ಟು ದಿನವೂ ನಮ್ಮ ದೇವರಿಗೆ ಅವರದೇ ಬತ್ತಿ. ಕೆಲವು ದಪ್ಪ, ಕೆಲವು ಸಣಕಲು, ಎಣ್ಣೆ ಹೀರಿಕೊಂಡು ಚಟಚಟ ಅನ್ನುವವು. ದೇವರು ಅದರಲ್ಲಿ ತಪ್ಪು ಹುಡುಕಿದ್ದು ನಾನು ಕಾಣೆ.

ಗುಂಡಿಮಗ್ಗ ಮುಚ್ಚಿ ಪವರ್‌ಲೂಮ್ ಹಾಕಿಸಿದ ವರ್ಷ ಭಾವ ತೀರಿಕೊಂಡರು. ನಾಲ್ಕು ದಿನದ ಜ್ವರ. ಹೆಚ್ಚು ನರಳಲಿಲ್ಲ, ಅಷ್ಟರ ಮಟ್ಟಿಗೆ ಚೌಡಮ್ಮ ತಾಯಿ ಕಣ್ಣು ತೆರೆದಳು. ಹೋಗುವಾಗಲೂ ಅಂಗೈ ಮೇಲಕ್ಕೇ ಇತ್ತು.

ತಿಥಿಯ ದಿನ ಎಡೆ ಇಟ್ಟೆವು. ಎಲೆಯ ತುದಿಗೆ ಒಂದು ಅಚ್ಚು ಬೆಲ್ಲ. ಕೇರಿಯವರೆಲ್ಲ ನಿಂತಿದ್ದರು, ಸಾಹುಕಾರರೂ ಬಂದಿದ್ದರು. ಒಬ್ಬೊಬ್ಬರೇ ಹೋಗಿ ಕೈಮುಗಿದು ಬರುತ್ತಿದ್ದರು. ನಮ್ಮ ಯಜಮಾನರು ಹೋದವರು ತಿರುಗಿ ಬರಲಿಲ್ಲ. ಎಡೆಯ ಮುಂದೆ ಮಂಡಿಯೂರಿ ಕೂತು, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಅಣ್ಣಾ, ಅಪ್ಪನ ಲಾಳಿ ಮುರ್ದಿದ್ದು ನಾನು ಕಣೋ."

ಯಾವ ಲಾಳಿ, ಯಾವ ಕಾಲದ್ದು ಎಂದು ಕೇರಿಯವರಿಗೆ ಯಾರಿಗೂ ತಿಳಿಯಲಿಲ್ಲ. ದುಃಖಕ್ಕೆ ಏನೋ ಅಂತಿದ್ದಾನೆ ಎಂದು ಒಬ್ಬರು ಎಬ್ಬಿಸಲು ಹೋದರು. ಅತ್ತೆ ಅವರನ್ನು ತಡೆದರು. ಎಲೆಯಿಂದ ಬೆಲ್ಲ ಮುರಿದು ತಂದು, ಕಿರಿಯ ಮಗನ ಕೈ ಹಿಡಿದು ಬಿಡಿಸಿ, ಅಂಗೈಯಲ್ಲಿ ಇಟ್ಟರು. ಮನೆಯ ಪದ್ಧತಿ.

ಯಜಮಾನರು ಅದನ್ನು ತಿನ್ನಲಿಲ್ಲ, ಬಿಸಾಡಲೂ ಇಲ್ಲ. ಬಂದವರ ಊಟವೆಲ್ಲ ಮುಗಿದು, ನಾನು ಎಲೆ ಎತ್ತಲು ಬಂದಾಗಲೂ ಗೋಡೆಗೆ ಒರಗಿ ಹಾಗೇ ಕೂತಿದ್ದರು. ಬೆಲ್ಲ ಕರಗಿ ಬೆರಳ ಸಂದಿನಿಂದ ಮಣಿಕಟ್ಟಿಗೆ ಇಳಿದಿತ್ತು. ನಾನು ಚೊಂಬಿನಲ್ಲಿ ನೀರು ತಂದೆ. "ಇರಲಿ" ಅಂದರು. ನಾನೂ ಅವರ ಪಕ್ಕದಲ್ಲಿ ಕೂತೆ.